ಕಾಜಾ ಇಲ್ಲದ ಗುಂಡಿ

ಆ ಗಲ್ಲಿಯಲ್ಲಿ ಒಂಬತ್ತು ದರ್ಜಿ ಅಂಗಡಿಗಳಿದ್ದವು. ಒಂಬತ್ತಕ್ಕೂ ಸೇರಿ ಕಾಜಾ ಹಾಕುವವಳು ಮಾತ್ರ ಒಬ್ಬಳೇ. ಗುಂಡಿ ತೂರಿಸಲು ಬಟ್ಟೆಯಲ್ಲಿ ಮಾಡುವ ಸೀಳಿಗೆ ದರ್ಜಿಗಳು ಕಾಜಾ ಅನ್ನುತ್ತಾರೆ. ಕತ್ತರಿಸುವವರು ಕತ್ತರಿಸಿ, ಹೊಲಿಯುವವರು ಹೊಲಿದು, ಎಲ್ಲ ಮುಗಿದ ಮೇಲೆ ಕೋಟು ಅವಳ ಮಡಿಲಿಗೆ ಬಂದು ಬೀಳುತ್ತಿತ್ತು. ಅವಳು ಮೊನಚು ಕತ್ತರಿಯಿಂದ ಹೊಸ ಬಟ್ಟೆಯನ್ನು ಚಕ್ಕೆಂದು ಸೀಳುವಾಗ ಕೋಟಿನ ಯಜಮಾನ ಎದುರಿಗಿದ್ದರೆ ಅವನ ಮುಖ ಬಿಳಿಚಿಕೊಳ್ಳುತ್ತಿತ್ತು.

"ಹೆದರ್ಬೇಡಿ ಸ್ವಾಮಿ. ಸೀಳೋಳೂ ನಾನೇ, ಹೊಲಿಯೋಳೂ ನಾನೇ" ಅನ್ನುತ್ತ ಅವಳು ಸೀಳಿನ ಸುತ್ತ ದಾರದ ಗಂಟುಗಳನ್ನು ಒತ್ತೊತ್ತಾಗಿ, ಇರುವೆ ಸಾಲಿನ ಹಾಗೆ, ಕೂರಿಸುತ್ತ ಹೋಗುತ್ತಿದ್ದಳು.

ಮೂರನೇ ಅಂಗಡಿಗೂ ನಾಲ್ಕನೇ ಅಂಗಡಿಗೂ ನಡುವೆ ಮಹಡಿಗೆ ಹೋಗುವ ಮೆಟ್ಟಿಲಿದೆ. ಅದರ ಕೆಳಗಿನ ಮೂಲೆಯೇ ಅವಳ ಕಾರ್ಖಾನೆ. ಒಂದು ಮುಕ್ಕಾಲಿ, ಒಂದು ದೀಪ, ಗುಂಡಿ ತುಂಬಿದ ಹನ್ನೆರಡು ಡಬ್ಬಿಗಳು. ಮೂವತ್ತು ವರ್ಷಗಳಿಂದ ಎಲ್ಲರೂ ಅವಳನ್ನು ಕಾಜಕ್ಕ ಎಂದೇ ಕರೆಯುತ್ತಿದ್ದರು. ನಿಜವಾದ ಹೆಸರು ಆಸ್ಪತ್ರೆಯ ಚೀಟಿಯಲ್ಲಿ ಮಾತ್ರ ಉಳಿದಿತ್ತು. ಅಲ್ಲಿ ಯಾರಾದರೂ ಅದನ್ನು ಕೂಗಿದರೆ, ಯಾರಪ್ಪಾ ಇದು ಎಂದು ಕಾಜಕ್ಕನೇ ಹಿಂದಕ್ಕೆ ತಿರುಗಿ ನೋಡುತ್ತಿದ್ದಳು.

ಆಸ್ಪತ್ರೆಯ ಸಹವಾಸ ಶುರುವಾಗಿದ್ದು ಅವಳ ಐವತ್ತನಾಲ್ಕನೇ ವಯಸ್ಸಿನಲ್ಲಿ. ಕಿಬ್ಬೊಟ್ಟೆಯಲ್ಲಿ ಬೆಳೆದಿದ್ದ ಗಡ್ಡೆಯನ್ನು ತೆಗೆದಾಗಿತ್ತು. ಇನ್ನು ಮೂರು ವಾರಕ್ಕೊಂದರಂತೆ ಆರು ಸಲ ಕೀಮೋ ಕೊಡಬೇಕು ಎಂದು ಡಾಕ್ಟರಮ್ಮ ಹೇಳಿದರು. ಅವಳ ಕೈಯನ್ನು ತಿರುಗಿಸಿ ಮುರುಗಿಸಿ ನೋಡಿ, "ನಿಮ್ಮ ಕೈಯ ನರಗಳು ದಾರಕ್ಕಿಂತ ಸಣ್ಣ ಇದಾವೆ. ಪದೇ ಪದೇ ಚುಚ್ಚೋದು ಬೇಡ. ಎದೆ ಮೇಲೆ ಒಂದು ಪೋರ್ಟ್ ಹಾಕಿಬಿಡೋಣ" ಎಂದರು.

ಕಾಜಕ್ಕನ ಕಿವಿಗೆ ಅದು ಕೋಟ್ ಎಂದು ಬಿತ್ತು.

"ಬಟ್ಟೆ ನಾವೇ ತರ್ಬೇಕಾ ಡಾಕ್ಟ್ರೇ?"

"ಯಾವ ಬಟ್ಟೆ?"

"ಕೋಟಿಗೆ."

ಡಾಕ್ಟರಮ್ಮ ಒಂದು ನಿಮಿಷ ಪೆನ್ನು ಕೆಳಗಿಟ್ಟು ನಕ್ಕರು. ಆಮೇಲೆ ಮೇಜಿನ ಖಾನೆಯಿಂದ ಮಾದರಿಯೊಂದನ್ನು ತೆಗೆದು ಅವಳ ಅಂಗೈಯಲ್ಲಿಟ್ಟರು. ದುಂಡಗಿನ ಪುಟ್ಟ ವಸ್ತು, ನಡುವೆ ರಬ್ಬರಿನಂಥ ಮೆತ್ತನೆಯ ಭಾಗ, ಹಿಂದೆ ಬಾಲದ ಹಾಗೆ ತೆಳ್ಳಗಿನ ಕೊಳವೆ. ಇದನ್ನು ಚರ್ಮದ ಒಳಗೆ ಕೂರಿಸುತ್ತೇವೆ, ಬಾಲ ದೊಡ್ಡ ರಕ್ತನಾಳದೊಳಗೆ ಹೋಗುತ್ತದೆ, ಪ್ರತಿ ಸಲ ಸೂಜಿಯನ್ನು ಈ ಮೆತ್ತನೆಯ ಭಾಗಕ್ಕೆ ಚುಚ್ಚಿದರೆ ಆಯಿತು ಎಂದು ವಿವರಿಸಿದರು. ಕಾಜಕ್ಕ ಅದನ್ನು ಬೆಳಕಿಗೆ ಹಿಡಿದು, ತಿರುವಿ, ಉಗುರಿನಿಂದ ಗೀಚಿ ನೋಡಿದಳು.

"ಗುಂಡಿ ಇದು" ಎಂದಳು. "ಓವರ್‌ಕೋಟಿನ ಅಳತೆ. ಆದ್ರೆ ಇದಕ್ಕೆ ಕಣ್ಣೇ ಇಲ್ವಲ್ಲ?"

"ಕಣ್ಣಾ?"

"ತೂತು, ಡಾಕ್ಟ್ರೇ. ಎರಡು ಕಣ್ಣಿನ ಗುಂಡಿ, ನಾಲ್ಕು ಕಣ್ಣಿನ ಗುಂಡಿ ಅಂತ ಇರುತ್ತಲ್ಲ. ಕಣ್ಣಿಲ್ಲದೆ ಹೆಂಗೆ ಹೊಲಿತೀರಿ?"

"ಅಂಚಿನಲ್ಲಿ ಸಣ್ಣ ತೂತು ಇದಾವೆ ನೋಡಿ. ಎರಡು ಹೊಲಿಗೆ ಹಾಕ್ತೀವಿ."

"ಎರಡೇನಾ!" ಕಾಜಕ್ಕನಿಗೆ ಆಸ್ಪತ್ರೆಯ ಮೇಲೆ ಇದ್ದ ಗೌರವ ಸ್ವಲ್ಪ ಕಡಿಮೆಯಾಯಿತು. "ಮಳೆಕೋಟಿಗೇ ನಾನು ಆರು ಹಾಕ್ತೀನಿ."

ಗುಂಡಿ ಬಲಗಡೆ ಕೂತಿತು, ಕಾಲರ್ ಬರುವ ಜಾಗದಿಂದ ಮೂರು ಬೆರಳು ಕೆಳಗೆ. ಗಾಯ ಮಾಗಿದ ಮೇಲೆ ಚರ್ಮದ ಅಡಿಯಲ್ಲಿ ಸಣ್ಣ ಉಬ್ಬು ಉಳಿಯಿತು. ಮೊದಮೊದಲು ಅದು ಎಲ್ಲದಕ್ಕೂ ಅಡ್ಡ ಬರುತ್ತಿತ್ತು. ಮೂವತ್ತು ವರ್ಷ ಕೊರಳ ಸುತ್ತ ತೂಗಿದ ಅಳತೆಯ ಟೇಪು ಅದಕ್ಕೇ ಹೋಗಿ ಉಜ್ಜುತ್ತಿತ್ತು. ಟೇಪನ್ನು ಸೊಂಟಕ್ಕೆ ಕಟ್ಟಿಕೊಂಡಳು. ಬಲಮಗ್ಗುಲಿಗೆ ಮಲಗುವವಳು ಎಡಕ್ಕೆ ಮಲಗಲು ಕಲಿತಳು. ಚೀಲವನ್ನು ಎಡಹೆಗಲಿಗೆ ಬದಲಾಯಿಸಿದಳು. ಕೀಮೋ ದಿನ ಸಿಸ್ಟರ್‌ಗಳ ಎದುರು ಅರ್ಧ ರವಿಕೆ ಬಿಚ್ಚಿ ಕೂರುವುದು ಅವಳಿಗೆ ಸರಿಬರಲಿಲ್ಲ. ಎರಡನೇ ಸಲ ಹೋಗುವ ಹೊತ್ತಿಗೆ ರವಿಕೆಯ ಬಲಹೆಗಲ ಹೊಲಿಗೆ ಬಿಚ್ಚಿ, ಅಲ್ಲಿ ಮೂರು ಪುಟ್ಟ ಗುಂಡಿ, ಮೂರು ಕಾಜಾ ಹಾಕಿದ್ದಳು. ಬಿಚ್ಚಿದರೆ ಕಿಟಕಿಯ ಹಾಗೆ ತೆರೆದುಕೊಂಡು ಒಳಗಿನ ಗುಂಡಿ ಮಾತ್ರ ಇಣುಕುತ್ತಿತ್ತು. ಪಕ್ಕದ ಕುರ್ಚಿಯ ನಿವೃತ್ತ ಟೀಚರಮ್ಮ ಅದನ್ನು ನೋಡಿ ತಮಗೂ ಒಂದು ಬೇಕೆಂದರು. ಮೂರನೇ ಸಲಕ್ಕೆ ಆ ಸಾಲಿನಲ್ಲಿ ನಾಲ್ಕು ಕಿಟಕಿಗಳಾಗಿದ್ದವು.

ಗಲ್ಲಿಯವರಿಗಂತೂ ಆ ಉಬ್ಬು ದೊಡ್ಡ ಕುತೂಹಲ. "ಏನ್ ಕಾಜಕ್ಕ, ಎಲ್ಲರಿಗೂ ಹೊರಗೆ ಗುಂಡಿ ಹಾಕಿ ಹಾಕಿ, ಕೊನೆಗೆ ನಿನಗೇ ಒಳಗೆ ಹಾಕಿಸ್ಕೊಂಡ್ಯಾ?" ಎಂದು ಸೂಟಿನ ಮಾಸ್ಟರ್ ದಿನಾ ರೇಗಿಸುತ್ತಿದ್ದ. ಅವನೇ ಗಲ್ಲಿಯ ಹಿರಿಯ ದರ್ಜಿ, ಕೋಟು ಕತ್ತರಿಸುವುದರಲ್ಲಿ ಅವನ ಸಮ ಯಾರೂ ಇರಲಿಲ್ಲ.

"ಹಾಕಿಸ್ಕೊಂಡಿದ್ದೀನಿ, ಕಾಜಾ ಮಾತ್ರ ಹಾಕಿಲ್ಲ. ಬಿಚ್ಚಿ ನೋಡೋಕೆ ಆಗಲ್ಲ, ಹೋಗಿ ಕೆಲಸ ನೋಡು" ಅನ್ನುತ್ತಿದ್ದಳು ಕಾಜಕ್ಕ.

ಔಷಧಿಯ ಕಷ್ಟ ಇಲ್ಲವೆಂದಲ್ಲ. ಕೂದಲು ಹೋಗಿ ತಲೆಗೆ ಬಟ್ಟೆ ಬಂತು. ಪ್ರತಿ ಸಲ ಮೊದಲ ಎರಡು ವಾರ ಮೈ ಹಿಂಡಿ ಹಾಕಿದ ಬಟ್ಟೆಯಾಗುತ್ತಿತ್ತು. ಬೆರಳ ತುದಿಗಳು ಜೋಮು ಹಿಡಿದು, ಸೂಜಿ ಕೈಯಲ್ಲಿದೆಯೋ ಬಿದ್ದಿದೆಯೋ ಅವಳಿಗೆ ತಿಳಿಯುತ್ತಿರಲಿಲ್ಲ. ಬೆರಳು ಮಾಡುತ್ತಿದ್ದ ಕೆಲಸವನ್ನು ಅವಳು ಕಣ್ಣಿಗೆ ಒಪ್ಪಿಸಿದಳು. ಮೊದಲು ದಿನಕ್ಕೆ ನಲವತ್ತು ಕಾಜಾ ಹಾಕುತ್ತಿದ್ದವಳು ಈಗ ಒಳ್ಳೆಯ ದಿನಗಳಲ್ಲಿ ಒಂದು ಹಾಕುತ್ತಿದ್ದಳು. ಆ ಒಂದೊಂದು ಕಾಜಾವೂ ಒಂದೇ ಕೋಟಿಗೆ ಹೋಗುತ್ತಿತ್ತು. ಅದು ಅವಳ ತಮ್ಮನ ಮದುವೆಯ ಕೋಟು.

ತಮ್ಮನಿಗೆ ನಲವತ್ತೇಳು ವರ್ಷ. ಕಸುಬು ಬೀಗ ರಿಪೇರಿ. ಯಾವ ಬೀಗವನ್ನಾದರೂ ಎರಡು ನಿಮಿಷದಲ್ಲಿ ತೆರೆಯುವ ಮನುಷ್ಯ, ತನ್ನ ಬಾಯಿ ತೆರೆಯಲು ಮಾತ್ರ ಅರ್ಧ ದಿನ ತೆಗೆದುಕೊಳ್ಳುತ್ತಿದ್ದ. ಬೀಗದವನಿಗೆ ಬೀಗರೇ ಸಿಗಲಿಲ್ಲವಲ್ಲ ಎಂದು ಗಲ್ಲಿಯವರು ನಗುತ್ತಿದ್ದರು. ಸಿಗದೆ ಏನು? ಎದುರು ರಸ್ತೆಯ ಇಸ್ತ್ರಿ ಅಂಗಡಿಯವಳು ಹತ್ತು ವರ್ಷಗಳಿಂದ ಸಿಕ್ಕೇ ಇದ್ದಳು. ಅವಳ ಅಂಗಡಿಯ ಬೀಗ ವಾರಕ್ಕೊಮ್ಮೆ ಕೆಡುತ್ತಿತ್ತು, ಇವನ ಅಂಗಿ ದಿನಕ್ಕೊಮ್ಮೆ ಸುಕ್ಕಾಗುತ್ತಿತ್ತು. ಇದರ ಅರ್ಥ ಎಲ್ಲರಿಗೂ ಗೊತ್ತಿತ್ತು, ಇವನೊಬ್ಬನ ಹೊರತು. ಕೊನೆಗೆ ಅವಳೇ ಬಂದು ಕೇಳಿದಳು. ಅವನು ಹೂಂ ಅಂದ. ಅಂದವನು ಮೂರು ಸಲ ದಿನ ಮುಂದಕ್ಕೆ ಹಾಕಿದ. ಮೊದಲ ಸಲ ಅವನಿಗೆ ಹಲ್ಲುನೋವು. ಎರಡನೇ ಸಲ ಮನೆಯ ಸೂರು ಸೋರುತ್ತಿತ್ತು. ಮೂರನೇ ಸಲ ಅಕ್ಕನ ಕಾಯಿಲೆ. ಆಗ ಮಾತ್ರ ಯಾರೂ ಏನೂ ಅನ್ನಲಿಲ್ಲ.

ನಾಲ್ಕನೇ ಸಲ ದಿನ ಗೊತ್ತುಮಾಡಿದಾಗ ಇಸ್ತ್ರಿಯವಳು ಕಾಜಕ್ಕನ ಮುಕ್ಕಾಲಿಯ ಪಕ್ಕ ಬಂದು ಕುಕ್ಕರುಗಾಲಲ್ಲಿ ಕೂತಳು.

"ಅಕ್ಕಾ, ನಿಮ್ಮ ತಮ್ಮನಿಗೆ ಹೇಳಿಬಿಡಿ. ಈ ಸಲ ಮದುವೆ ಮುಂದೆ ಹೋದ್ರೆ ನಾನು ಹಿಂದೆ ಹೋಗ್ತೀನಿ."

ತಮ್ಮನದು ಇನ್ನೊಂದು ಹಟ. "ರಿಜಿಸ್ಟ್ರಾರ್ ಆಫೀಸಲ್ಲಿ ನೀನು ಪಕ್ಕದಲ್ಲಿ ನಿಂತ್ರೇನೇ ನಾನು ಸಹಿ ಹಾಕೋದು ಅಕ್ಕಾ. ನೀನಿಲ್ದೆ ನನ್ ಕೈ ಏಳಲ್ಲ."

ಕಾಜಕ್ಕ ಗೋಡೆಯ ಕ್ಯಾಲೆಂಡರಿನ ಮುಂದೆ ನಿಂತು ಬಟ್ಟೆ ಅಳೆದ ಹಾಗೆ ದಿನ ಅಳೆದಳು. ಆರನೆಯ, ಕೊನೆಯ ಕೀಮೋ ಆಗಿ ಇಪ್ಪತ್ತನೇ ದಿನಕ್ಕೆ ಮದುವೆ. ಮೊದಲ ಎರಡು ವಾರ ಅವಳು ಜನರ ನಡುವೆ ಹೋಗುವಂತಿಲ್ಲ, ಮೂರನೇ ವಾರದ ಕೊನೆಗೆ ಮೈ ಮತ್ತೆ ಅವಳದಾಗುತ್ತದೆ. ಅಳತೆ ಕರಾರುವಾಕ್ಕಾಗಿತ್ತು, ಆದರೆ ಅಂಚು ಮಡಿಸಲು ಒಂದು ನೂಲಿನಷ್ಟೂ ಬಟ್ಟೆ ಉಳಿದಿರಲಿಲ್ಲ. ಕೀಮೋ ಒಂದು ವಾರ ಜಾರಿದರೂ ಮದುವೆಯ ದಿನ ಅವಳು ಹಾಸಿಗೆಯಲ್ಲಿರುತ್ತಾಳೆ. ಅವಳಿಲ್ಲದೆ ಅವನು ಸಹಿ ಹಾಕುವುದಿಲ್ಲ. ಅವನು ಹಾಕದಿದ್ದರೆ ಇಸ್ತ್ರಿಯವಳು ಕಾಯುವುದಿಲ್ಲ.

ಹೀಗಾಗಿ ಆರನೇ ಸಲ ಆಸ್ಪತ್ರೆಗೆ ಹೊರಟ ಬೆಳಿಗ್ಗೆ ಕಾಜಕ್ಕನಿಗೆ ಹಿಗ್ಗೋ ಹಿಗ್ಗು. ತಲೆಗೆ ಹಳದಿ ಬಟ್ಟೆ ಕಟ್ಟಿಕೊಂಡು, ಬಸ್ಸಿನಲ್ಲಿ ಸುಮ್ಮಸುಮ್ಮನೆ ನಗುತ್ತ ಕೂತಿದ್ದಳು.

"ಕೊನೇದು ಕಣೋ!" ಎಂದು ತಮ್ಮನ ಪಕ್ಕೆಗೆ ತಿವಿದಳು.

"ಮೆತ್ತಗೆ ಅಕ್ಕಾ, ಎಲ್ಲಾ ನೋಡ್ತಾರೆ" ಎಂದು ಅವನು ಕಿಟಕಿಗೆ ಅಂಟಿಕೊಂಡ.

ಕೀಮೋ ಕೊಡುವ ಕೋಣೆಯಲ್ಲಿ ಎಂಟು ಕುರ್ಚಿ, ಮೂಲೆಯಲ್ಲಿ ಪರದೆಯ ಹಿಂದೆ ಒಂದು ಮಂಚ. ಉದ್ದನೆಯ ಸಿಸ್ಟರ್ ಬಂದರು. ಆ ಸಿಸ್ಟರ್ ನಕ್ಕಿದ್ದನ್ನು ಆ ಕೋಣೆಯಲ್ಲಿ ಯಾರೂ ನೋಡಿರಲಿಲ್ಲ. ಕಾಜಕ್ಕ ಹೆಗಲ ಕಿಟಕಿ ತೆರೆದಳು. ಸಿಸ್ಟರ್ ಒರೆಸಿ, ಎರಡು ಬೆರಳಲ್ಲಿ ಗುಂಡಿಯನ್ನು ಹಿಡಿದು, ಸೂಜಿ ಚುಚ್ಚಿದರು. ಸಲೈನ್ ಸರಾಗವಾಗಿ ಒಳಗೆ ಹೋಯಿತು. ಆಮೇಲೆ ಸಿರಿಂಜನ್ನು ಹಿಂದಕ್ಕೆ ಎಳೆದರು. ಪ್ರತಿ ಸಲ ಕೆಂಪಗೆ ರಕ್ತ ಬರುತ್ತಿತ್ತು. ಇವತ್ತು ಬರಲಿಲ್ಲ.

"ತಲೆ ಎಡಕ್ಕೆ ತಿರುಗಿಸಿ."

ಬರಲಿಲ್ಲ.

"ಬಲಗೈ ಮೇಲಕ್ಕೆತ್ತಿ. ಇನ್ನೂ ಮೇಲೆ. ಈಗ ಕೆಮ್ಮಿ."

ಕಾಜಕ್ಕ ಬಸ್ಸು ನಿಲ್ಲಿಸುವವಳ ಹಾಗೆ ಕೈ ಎತ್ತಿಕೊಂಡು ಕೆಮ್ಮಿದಳು. ಉಳಿದ ಏಳು ಕುರ್ಚಿಯವರೂ ಉಸಿರು ಬಿಗಿಹಿಡಿದು ನೋಡಿದರು. ಟೀಚರಮ್ಮ ತಾವೂ ಒಮ್ಮೆ ಕೆಮ್ಮಿ ಸಹಾಯ ಮಾಡಿದರು. ಬರಲಿಲ್ಲ.

"ರಕ್ತ ಯಾಕೆ ಬರ್ಬೇಕು ಸಿಸ್ಟರ್? ಔಷಧಿ ಒಳಗೆ ಹೋದ್ರೆ ಸಾಕಲ್ವಾ?" ಎಂದ ತಮ್ಮ.

"ಕೊಳವೆ ಸರಿಯಾದ ಜಾಗದಲ್ಲಿದೆ ಅಂತ ಅದೇ ಸಾಕ್ಷಿ. ಈ ಔಷಧಿ ನಾಳ ಬಿಟ್ಟು ಹೊರಗೆ ಸೋರಿದ್ರೆ ಒಳಗೆಲ್ಲಾ ಸುಟ್ಟ ಹಾಗಾಗುತ್ತೆ. ರಕ್ತ ಕಾಣದೆ ನಾನು ಕೊಡಲ್ಲ."

ತಮ್ಮ ಬಗ್ಗಿ ಆ ಉಬ್ಬನ್ನು ದಿಟ್ಟಿಸಿದ. ಬೀಗ ನೋಡುವಾಗ ಹೇಗೋ ಹಾಗೆ ಒಂದು ಕಣ್ಣು ಮುಚ್ಚಿದ್ದ. "ಕೀಲಿ ಹೋಗ್ತಾ ಇದೆ, ತಿರುಗ್ತಾ ಇಲ್ಲ. ಒಳಗೆ ಏನೋ ಸಿಕ್ಕೊಂಡಿದೆ. ಒಂದ್ ತೊಟ್ಟು ಎಣ್ಣೆ ಬಿಟ್ರೆ..."

ಸಿಸ್ಟರ್ ನೋಡಿದ ನೋಟಕ್ಕೆ ಅವನ ಬಾಯಿಗೆ ಬೀಗ ಬಿತ್ತು.

ಡಾಕ್ಟರಮ್ಮ ಬಂದರು, ನೋಡಿದರು. ಎಣ್ಣೆಯ ಮಾತು ಪೂರ್ತಿ ತಪ್ಪೇನೂ ಆಗಿರಲಿಲ್ಲ. ಕೊಳವೆಯ ತುದಿಗೆ ಹೆಪ್ಪು ಕಟ್ಟಿರಬಹುದು, ಕರಗಿಸುವ ಮದ್ದು ಬಿಟ್ಟು ಒಂದು ಗಂಟೆ ಕಾಯೋಣ ಎಂದರು. ಅದಕ್ಕೂ ಜಗ್ಗದಿದ್ದರೆ ಇವತ್ತು ಕೀಮೋ ಇಲ್ಲ. ಎಕ್ಸ್‌ರೇ ತೆಗೆಯಬೇಕು, ಬಹುಶಃ ಪೋರ್ಟನ್ನೇ ಬದಲಾಯಿಸಬೇಕು. ಅಂದರೆ ಇನ್ನೊಂದು ವಾರ, ಹತ್ತು ದಿನ.

ಕಾಜಕ್ಕನ ನಗು ಅಲ್ಲೇ ನಿಂತಿತು. "ಡಾಕ್ಟ್ರೇ, ಹಂಗಾದ್ರೆ ಮದುವೆ ಮುಗಿಸ್ಕೊಂಡೇ ಬಂದು ತಗೊಳ್ಳಲಾ?"

"ಇಷ್ಟು ದಿನ ಸರಿಯಾಗಿ ಬಂದಿದೀರ. ಈಗ ಅಷ್ಟು ದಿನ ಬಿಡೋಕಾಗಲ್ಲ. ಔಷಧಿ ನಿಮ್ಮ ತಮ್ಮನ ಥರ ಅಲ್ಲ, ದಿನ ಮುಂದೆ ಹಾಕ್ತಾ ಕೂರಲ್ಲ."

ತಮ್ಮ ಕಾಲಬೆರಳು ನೋಡಿಕೊಂಡ. ಕಾಜಕ್ಕನನ್ನು ಪರದೆಯ ಹಿಂದಿನ ಮಂಚಕ್ಕೆ ಒಯ್ದು, ಮದ್ದು ಬಿಟ್ಟು, ತಲೆಯ ಕಡೆ ತಗ್ಗಿಸಿ ಮಲಗಿಸಿದರು. ಬಲಗೈಯನ್ನು ತಲೆಯ ಮೇಲೆ ಎತ್ತಿಟ್ಟುಕೊಂಡಿರಿ ಎಂದು ಹೇಳಿ ಸಿಸ್ಟರ್ ಹೊರಟುಹೋದರು. ಕಾಜಕ್ಕ ಸೂರು ನೋಡುತ್ತ ಮಲಗಿದಳು. ಹನ್ನೆರಡು ಕಾಜಾದ ಕೋಟು, ಹನ್ನೊಂದು ಮುಗಿದಿತ್ತು. ಎದೆಯ ಮೇಲಿನ ಒಂದೇ ಬಾಕಿ.

ಇತ್ತ ತಮ್ಮ ಹೊರಗಿನ ಬೆಂಚಿನಲ್ಲಿ ಕೂತು ಚಿಕ್ಕಮ್ಮನಿಗೆ ಸುದ್ದಿ ತಿಳಿಸಲು ಫೋನು ತೆಗೆದ. ಮಾತಾಡಲು ಅವನಿಗೆ ಧೈರ್ಯವಿರಲಿಲ್ಲ. ಬರೆಯುವುದೇ ವಾಸಿ. ಒಂದೊಂದೇ ಅಕ್ಷರ ಹುಡುಕಿ ಒತ್ತಿ, ಮೂರು ಸಲ ಓದಿ ತಪ್ಪು ತಿದ್ದಿ, ಅಂತೂ ಹತ್ತು ನಿಮಿಷಕ್ಕೆ ಕಳಿಸಿದ. ಅಕ್ಷರ ಒಂದೂ ತಪ್ಪಿರಲಿಲ್ಲ:

"ಅಕ್ಕನ ಗುಂಡಿಗೆ ಸೂಜಿ ಚುಚ್ಚಿದರು. ರಕ್ತ ನಿಂತಿದೆ. ಡಾಕ್ಟರೂ ನೋಡಿದರು. ಕೈ ಎತ್ತಿದ್ದೂ ಆಯಿತು. ಈಗ ಮಲಗಿಸಿದ್ದಾರೆ. ಇನ್ನು ಒಂದು ಗಂಟೆ."

ಕಳಿಸಿ, ಫೋನನ್ನು ಜೇಬಿಗಿಟ್ಟು, ಕಣ್ಣು ಮುಚ್ಚಿ ಕೂತ. ಜೇಬು ಗುರ್ ಗುರ್ ಎಂದು ನಡುಗತೊಡಗಿದ್ದು ಅವನ ಗಮನಕ್ಕೆ ಬರಲಿಲ್ಲ, ಅವನ ಕಾಲೇ ನಡುಗುತ್ತಿತ್ತು.

ಚಿಕ್ಕಮ್ಮ ಎಂದರೆ ಇವರಿಬ್ಬರನ್ನೂ ಎತ್ತಿ ಆಡಿಸಿದವಳು. ಈಗ ಎಪ್ಪತ್ತರ ಮೇಲಿನ ವಯಸ್ಸು, ಗಂಟಲು ಮಾತ್ರ ಇಪ್ಪತ್ತರದು. ಮನೆಯೊಳಗೆ ಅಕ್ಕ ತಮ್ಮ ಗುಂಡಿ ಗುಂಡಿ ಅನ್ನುತ್ತಿದ್ದುದು ಅವಳಿಗೇನು ಗೊತ್ತು? ಅವಳಿಗೆ ಹೇಳಿದ್ದು ಪೋರ್ಟು ಎಂದು. ಗುಂಡಿಗೆ ಎಂದರೆ ಅವಳ ಪಾಲಿಗೆ ಒಂದೇ ಅರ್ಥ, ಎದೆಯೊಳಗೆ ಲಬ್‌ಡಬ್ ಅನ್ನುವ ಆ ಗುಂಡಿಗೆ. ಹುಡುಗಿಯ ಹೃದಯಕ್ಕೇ ಸೂಜಿ ಚುಚ್ಚಿಬಿಟ್ಟರು, ರಕ್ತ ನಿಂತುಹೋಗಿದೆ, ಡಾಕ್ಟರೂ ಕೈ ಎತ್ತಿಬಿಟ್ಟರು, ಇನ್ನು ಉಳಿದಿರುವುದು ಒಂದೇ ಗಂಟೆ! ಚಿಕ್ಕಮ್ಮ ಸಿಕ್ಕ ಚಪ್ಪಲಿ ಮೆಟ್ಟಿಕೊಂಡು ಬೀದಿಗಿಳಿದಳು. ದಾರಿಯುದ್ದಕ್ಕೂ ಫೋನು ಮಾಡಿ ಇಸ್ತ್ರಿಯವಳಿಗೂ ಸೂಟಿನ ಮಾಸ್ಟರಿಗೂ ಕೂಗಿ ಹೇಳಿದಳು. ಅವಳ ಕೂಗಿಗೆ ಫೋನಿನ ಅಗತ್ಯ ಇತ್ತೋ ಇಲ್ಲವೋ.

ಪರದೆ ಸರ್ರನೆ ಸರಿಯಿತು. ತಲೆ ತಗ್ಗಿಸಿ ಮಲಗಿಸಿದ್ದರಿಂದ ಕಾಜಕ್ಕನಿಗೆ ಸಣ್ಣ ಜೊಂಪು ಹತ್ತಿತ್ತು. ಕಣ್ಣು ಮುಚ್ಚಿತ್ತು, ಒಂದು ಕೈ ಮೇಲಕ್ಕೆ ಸೆಟೆದಿತ್ತು.

"ಅಯ್ಯೋ ನನ್ ಮಗಳೇ! ನನಗಿಂತ ಮುಂಚೆ ಹೊರಟ್ಯಲ್ಲೇ!"

ಕಾಜಕ್ಕ ಒಂದು ಕಣ್ಣು ತೆರೆದಳು. "ಯಾಕ್ ಚಿಕ್ಕಮ್ಮಾ, ಯಾರು ಹೋದ್ರು?"

ಚಿಕ್ಕಮ್ಮ ಕಿಟಾರೆಂದು ಕಿರುಚಿ ಎರಡು ಹೆಜ್ಜೆ ಹಿಂದೆ ಹಾರಿದಳು. ಹಿಂದೆ ಓಡಿ ಬಂದಿದ್ದ ಇಸ್ತ್ರಿಯವಳು ಅವಳನ್ನು ಹಿಡಿದುಕೊಂಡಳು. ಇಸ್ತ್ರಿಯವಳ ಮುಖ ಬೆವರಲ್ಲಿ ತೊಯ್ದಿತ್ತು, ಕೈಯಲ್ಲಿ ಯಾರದೋ ಅರ್ಧ ಇಸ್ತ್ರಿಯಾದ ಅಂಗಿ ಇತ್ತು.

"ಅತ್ತಿಗೇ..." ಎಂದಳು. ಇಷ್ಟು ವರ್ಷ ಅಕ್ಕ ಎನ್ನುತ್ತಿದ್ದವಳ ಬಾಯಲ್ಲಿ ಆ ಮಾತು ಮೊದಲ ಸಲ ಬಂದಿತ್ತು. "ಅತ್ತಿಗೇ, ಇದೀರಾ?"

"ಇದೀನಮ್ಮ. ಎಲ್ಲಿಗೆ ಹೋಗ್ಲಿ, ಸೂಜಿ ಚುಚ್ಚಿಟ್ಟಿದಾರೆ."

ಸದ್ದು ಕೇಳಿ ತಮ್ಮ ಒಳಗೆ ಬಂದ. ಚಿಕ್ಕಮ್ಮ ಅವನ ಕಿವಿಗೇ ಕೈ ಹಾಕಿದಳು.

"ಲೋ ಮುಠ್ಠಾಳ! ಏನೋ ಬರ್ದಿದ್ದು ನೀನು?"

"ಇದ್ದದ್ದೇ ಬರ್ದೆ ಚಿಕ್ಕಮ್ಮಾ. ತಪ್ಪಿಲ್ದೇ ಬರ್ದೆ."

"ಓದ್ತೀನಿ ಕೇಳೇ ಮಗಳೇ, ಕೇಳು!" ಚಿಕ್ಕಮ್ಮ ಫೋನನ್ನು ಮೂಗಿನಿಂದ ದೂರಕ್ಕೆ ಹಿಡಿದು ಇಡೀ ಕೋಣೆಗೆ ಕೇಳುವ ಹಾಗೆ ಓದಿದಳು. ಗುಂಡಿಗೆ ಎಂಬಲ್ಲಿ ತನ್ನ ಎದೆ ಮುಟ್ಟಿಕೊಂಡಳು. ಕೈ ಎತ್ತಿದ್ದೂ ಆಯಿತು ಎಂಬಲ್ಲಿ ಮೂಗು ಸೊರ್ರೆಂದಿತು.

ಕಾಜಕ್ಕ ಗುಂಡಿ ಎಂಬ ಮಾತನ್ನು ಮೂವತ್ತು ವರ್ಷಗಳಲ್ಲಿ ಎಷ್ಟು ಸಾವಿರ ಸಲ ಆಡಿದ್ದಳೋ. ಈ ಗುಂಡಿಗೆ ಕೆಂಪು ದಾರ, ಆ ಗುಂಡಿಗೆ ಕಪ್ಪು ದಾರ ಎಂದು ದಿನವೂ ಹೇಳಿದ ಮಾತು. ಅದರೊಳಗೆ ಒಂದು ಹೃದಯ ಬಡಿದುಕೊಳ್ಳುತ್ತಿದೆ ಎಂದು ಒಮ್ಮೆಯೂ ಹೊಳೆದಿರಲಿಲ್ಲ. ಅವಳ ಹೊಟ್ಟೆಯ ಆಳದಿಂದ ಏನೋ ಗುಳುಗುಳು ಎಂದು ಹೊರಟಿತು.

"ಗುಂಡಿ... ಗುಂಡಿಗೆ ಕಣೇ ಚಿಕ್ಕಮ್ಮಾ... ಗುಂಡಿಗೆ ಅಲ್ಲ!"

"ಹೌದು ಗುಂಡಿಗೆನೇ!"

"ಗುಂಡಿಗೇ... ಆದ್ರೆ ಗುಂಡಿಗೆ ಅಲ್ಲ!" ಹೇಳಿದಷ್ಟೂ ಗೋಜಲಾಯಿತು, ಗೋಜಲಾದಷ್ಟೂ ನಗು ಬಂತು. ಅರ್ಥವಾದ ಇಸ್ತ್ರಿಯವಳು ಅಂಗಿಯನ್ನು ಬಾಯಿಗೆ ತುರುಕಿಕೊಂಡಳು. ಪರದೆಯ ಆಚೆ ಟೀಚರಮ್ಮ, "ಚತುರ್ಥೀ ವಿಭಕ್ತಿ, ಅಮ್ಮಾ, ಚತುರ್ಥೀ ವಿಭಕ್ತಿ!" ಎಂದು ಚಿಕ್ಕಮ್ಮನಿಗೆ ವ್ಯಾಕರಣ ಕೂಗಿದರು. ಚಿಕ್ಕಮ್ಮ ಅದನ್ನು ಇನ್ನೊಂದು ಕಾಯಿಲೆಯೆಂದು ತಿಳಿದು ಎದೆ ಹಿಡಿದುಕೊಂಡಳು.

ಉದ್ದನೆಯ ಸಿಸ್ಟರ್ ದಾಪುಗಾಲು ಹಾಕಿ ಬಂದರು. "ಏನಿದು ಸಂತೆ? ಎಲ್ಲರೂ ಹೊರಗೆ! ನೀವು ಅಲ್ಲಾಡಬೇಡಿ!" ಹೇಗೂ ಬಂದದ್ದಾಯಿತು, ಗಂಟೆಯೂ ಹತ್ತಿರ ಬಂತು ಎಂದು ಸಿರಿಂಜು ಸಿಕ್ಕಿಸಿ ಎಳೆದರು. ಬರಲಿಲ್ಲ. ಎಲ್ಲರ ನಗು ಥಟ್ಟನೆ ಆರಿತು. ತಮ್ಮನ ಮುಖ ಬಾಡಿತು. ಇಸ್ತ್ರಿಯವಳು ಕೈಯಲ್ಲಿದ್ದ ಅಂಗಿಯನ್ನು ಮಡಿಸತೊಡಗಿದಳು. ಮಡಿಸಿದ್ದನ್ನೇ ಮತ್ತೆ ಮಡಿಸಿದಳು. ಅವಳು ತಮ್ಮನ ಕಡೆ ನೋಡಲಿಲ್ಲ. ಅದನ್ನು ಕಾಜಕ್ಕ ಮಲಗಿದಲ್ಲಿಂದಲೇ ನೋಡಿದಳು.

ಅಷ್ಟರಲ್ಲಿ ಪರದೆಯ ಸಂದಿಯಿಂದ ಸೂಟಿನ ಮಾಸ್ಟರ್ ಒಳಗೆ ತೂರಿದ. ಕಣ್ಣು ಕೆಂಪಾಗಿತ್ತು, ಎರಡೂ ತೋಳುಗಳ ಮೇಲೆ ಮದುವೆಯ ಕೋಟು, ಮಗುವನ್ನು ಎತ್ತಿಕೊಂಡ ಹಾಗೆ. ಯಾರನ್ನೂ ನೋಡದೆ ತಲೆ ತಗ್ಗಿಸಿ, ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದಿದ್ದನ್ನು ಗದ್ಗದವಾಗಿ ಹೇಳಿದ:

"ಕಾಜಕ್ಕ, ಕೋಟು ತಂದಿದೀನಿ, ಕೊನೇ ಸಲ ಒಮ್ಮೆ ನೋಡ್ಕೊಂಡುಬಿಡು. ಆ ಹನ್ನೆರಡನೇ ಕಾಜಾದ ಚಿಂತೆ ಮಾಡ್ಬೇಡ. ನೀನು ನೆಮ್ಮದಿಯಾಗಿ ಹೋಗು. ಅದನ್ನ ನಾನು ಮಿಷನ್ನಲ್ಲಿ ಹಾಕಿಸ್ತೀನಿ."

"ಮಿಷನ್ನಲ್ಲಾ!" ಎಂದು ಕಾಜಕ್ಕ ತಲೆ ಎತ್ತಿದಳು.

ಮಾಸ್ಟರ್ ಮಾತಾಡಿದ ಹೆಣ ಕಂಡವನ ಹಾಗೆ ಬಾಯಿ ಬಿಟ್ಟು, ಕೋಟಿನ ಸಮೇತ ಸ್ಟೂಲಿನ ಮೇಲೆ ಕುಸಿದ. ಸ್ಟೂಲಿಗೆ ಚಕ್ರವಿತ್ತು. ಅದು ಅವನನ್ನು ಹೊತ್ತುಕೊಂಡು ನಿಧಾನವಾಗಿ, ಬಹಳ ಮರ್ಯಾದೆಯಿಂದ, ಪರದೆಯ ಹೊರಗೆ ತೆಗೆದುಕೊಂಡು ಹೋಯಿತು.

ಆಮೇಲೆ ಕಾಜಕ್ಕ ನಕ್ಕ ನಗುವನ್ನು ನಗು ಎನ್ನುವುದು ಕಷ್ಟ. ಹೊಟ್ಟೆ ಹಿಡಿದುಕೊಳ್ಳಲು ಹೋದರೆ ಕೈ ಮೇಲಿತ್ತು. ಉಸಿರು ಎಳೆದರೆ ಕೆಮ್ಮು, ಕೆಮ್ಮಿದರೆ ಮತ್ತೆ ನಗು, ಕಣ್ಣಲ್ಲಿ ಧಾರಾಕಾರ ನೀರು, ತಲೆ ಎಡಕ್ಕೂ ಬಲಕ್ಕೂ ಹೊರಳುತ್ತಿತ್ತು. ಮಂಚ ಗಡಗಡ ಎಂದಿತು.

"ಅಲ್ಲಾಡಬೇಡಿ ಅಂದ್ನಲ್ಲ!" ಎಂದು ಗದರುತ್ತಿದ್ದ ಸಿಸ್ಟರ್ ಅರ್ಧಕ್ಕೆ ನಿಲ್ಲಿಸಿದರು. ಅವರ ಕೈ ಇನ್ನೂ ಸಿರಿಂಜಿನ ಮೇಲಿತ್ತು. "ನಗ್ತಾ ಇರಿ" ಎಂದರು. "ನಿಲ್ಲಿಸಬೇಡಿ. ನಗಿ, ನಗಿ, ಇನ್ನೂ ನಗಿ!"

ಸಿರಿಂಜಿನೊಳಗೆ ಒಂದು ಕೆಂಪು ಎಳೆ, ಸೂಜಿಗೆ ಪೋಣಿಸಿದ ದಾರದ ಹಾಗೆ, ತೆಳ್ಳಗೆ ಇಣುಕಿತು. ಮರುಕ್ಷಣ ಸಿರಿಂಜು ತುಂಬಿಕೊಂಡಿತು.

ಕೋಣೆಯಲ್ಲಿ ಚಪ್ಪಾಳೆ. ಒಂದು ಕೈಗೆ ಡ್ರಿಪ್ ಹಾಕಿಕೊಂಡವರು ಇನ್ನೊಂದು ಕೈಯಿಂದ ತೊಡೆ ತಟ್ಟಿದರು. ಉದ್ದನೆಯ ಸಿಸ್ಟರ್ ಮುಖ ಆ ಕಡೆ ತಿರುಗಿಸಿಕೊಂಡರು. ಅವರ ಹೆಗಲು ಕುಲುಕುತ್ತಿತ್ತು.

ಗೆದ್ದದ್ದು ಯಾರು ಎಂಬ ಜಗಳ ಅಲ್ಲೇ ಶುರುವಾಯಿತು. ಮದ್ದು ಕೆಲಸ ಮಾಡಲು ಅಷ್ಟು ಹೊತ್ತು ಬೇಕಿತ್ತು, ಅದಕ್ಕೇ ಬಂತು ಎಂದರು ಸಿಸ್ಟರ್. ಹಟಮಾರಿ ಬೀಗವನ್ನು ಒಂದು ಸಲ ಗಡಗಡ ಅಲ್ಲಾಡಿಸಲೇಬೇಕು ಎಂದ ತಮ್ಮ. ತಾನು ಅತ್ತದ್ದರಿಂದ ಎಂದಳು ಚಿಕ್ಕಮ್ಮ. ಮಾಸ್ಟರ್ ಮಾತ್ರ ಚಿಕ್ಕಮ್ಮನ ಪಾದಗಳನ್ನೇ ನೋಡುತ್ತಿದ್ದ. ಒಂದರಲ್ಲಿ ಅವಳದೇ ಹಸಿರು ಚಪ್ಪಲಿ, ಇನ್ನೊಂದರಲ್ಲಿ ಪಕ್ಕದ ಮನೆಯವರ ದೊಡ್ಡ ಕಂದು ಚಪ್ಪಲಿ, ಎರಡೂ ಎಡಗಾಲಿನವು.

ಕೊನೆಯ ಕೀಮೋ ಹನಿಹನಿಯಾಗಿ ಒಳಗೆ ಇಳಿಯಿತು. ಹತ್ತು ದಿನ ಕಾಜಕ್ಕ ಏಳಲಿಲ್ಲ. ಹದಿನೇಳನೇ ದಿನ ಬೆಳಗಿನ ಬಿಸಿಲಿಗೆ ಮುಕ್ಕಾಲಿ ಎಳೆದುಕೊಂಡು ಕೂತು, ಮಾಸ್ಟರನ್ನು ಎದುರಿಗೆ ನಿಲ್ಲಿಸಿಕೊಂಡೇ ಹನ್ನೆರಡನೇ ಕಾಜಾ ಹಾಕಿದಳು. ಒಂದೊಂದು ಗಂಟಿಗೂ "ಮಿಷನ್ನಂತೆ, ಮಿಷನ್ನು" ಎಂದು ಗೊಣಗಿದಳು. ಬೆರಳಿಗೆ ತಿಳಿಯದಿದ್ದರೂ ಕಣ್ಣಿಗೆ ತಿಳಿಯಿತು, ಸಾಲು ನೇರವಾಗಿಯೇ ಇತ್ತು.

ಇಪ್ಪತ್ತನೇ ದಿನ ನೋಂದಣಿ ಕಚೇರಿಯ ಮೇಜಿನ ಮುಂದೆ ಎಲ್ಲರೂ ನಿಂತರು. ಇಸ್ತ್ರಿಯವಳ ಸೀರೆಯಲ್ಲಿ ಒಂದು ಸುಕ್ಕೂ ಇರಲಿಲ್ಲ. ಅವಳು ಟಕ್ಕೆಂದು ಸಹಿ ಹಾಕಿ ಪೆನ್ನನ್ನು ಪಕ್ಕಕ್ಕೆ ಚಾಚಿದಳು. ತಮ್ಮ ಪೆನ್ನು ತೆಗೆದುಕೊಂಡ. ಕಾಗದದ ಮೇಲೆ ಇಟ್ಟ. ಅಲ್ಲಿಗೆ ನಿಂತ. ಹಣೆಯಲ್ಲಿ ಬೆವರು ಮೂಡಿತು. ಗುಮಾಸ್ತರು ಕನ್ನಡಕದ ಮೇಲಿಂದ ನೋಡಿದರು.

"ಇವರಿಗೆ ಒಪ್ಪಿಗೆ ಇದೆ ತಾನೇ?"

"ಇದೆ ಸಾರ್" ಎಂದಳು ಇಸ್ತ್ರಿಯವಳು, ಹಲ್ಲು ಕಚ್ಚಿ. "ಕೊಳವೆ ಸ್ವಲ್ಪ ಕಟ್ಕೊಂಡಿದೆ."

ಕಾಜಕ್ಕ ತಮ್ಮನ ಪಕ್ಕಕ್ಕೆ ಸರಿದು ನಿಂತಳು. ಉದ್ದನೆಯ ಸಿಸ್ಟರ್‌ನ ದನಿಯಲ್ಲೇ, ಗಂಭೀರವಾಗಿ ಹೇಳಿದಳು:

"ತಲೆ ಎಡಕ್ಕೆ ತಿರುಗಿಸಿ."

ತಮ್ಮ ಬೆಚ್ಚಿ ತಿರುಗಿಸಿದ. ಎಡಕ್ಕೆ ಇಸ್ತ್ರಿಯವಳಿದ್ದಳು.

"ಬಲಗೈ ಮೇಲಕ್ಕೆತ್ತಿ. ಈಗ ಕೆಮ್ಮಿ."

ಅವನು ಪೆನ್ನು ಹಿಡಿದ ಕೈಯನ್ನು ಎತ್ತಿದ, ಕೆಮ್ಮಲು ಹೋದ, ಆಗಲಿಲ್ಲ. ಬದಲಿಗೆ ನಲವತ್ತೇಳು ವರ್ಷ ಬೀಗ ಹಾಕಿಟ್ಟಿದ್ದ ನಗುವೊಂದು ಭುಸ್ಸೆಂದು ಹೊರಬಂತು. ಇಸ್ತ್ರಿಯವಳೂ ನಕ್ಕಳು, ಚಿಕ್ಕಮ್ಮನೂ ನಕ್ಕಳು, ಏನೆಂದು ತಿಳಿಯದ ಗುಮಾಸ್ತರೂ ನಕ್ಕರು. ಆ ನಗುವಿನ ನಡುವೆಯೇ ಅವನ ಕೈ ಕೆಳಗಿಳಿದು ಸಹಿ ಹಾಕಿತು. ಸಹಿ ಸ್ವಲ್ಪ ಕುಲುಕಿದಂತಿತ್ತು.

"ಎಲ್ಲರಿಗೂ ಸುದ್ದಿ ಕಳಿಸಿಬಿಡ್ಲಾ?" ಎಂದು ಅವನು ಜೇಬಿಗೆ ಕೈ ಹಾಕಿದ. ನಾಲ್ಕು ಕೈಗಳು ಒಟ್ಟಿಗೆ ಬಂದು ಫೋನು ಕಿತ್ತುಕೊಂಡವು.

ಇಸ್ತ್ರಿಯವಳು ಕಾಜಕ್ಕನನ್ನು ತಬ್ಬಿಕೊಳ್ಳಲು ಬಂದವಳು ಅರ್ಧದಲ್ಲೇ ತಡೆದು, ಬಲಗಡೆಗೆ ತಾಗದ ಹಾಗೆ ಓರೆಯಾಗಿ ನಿಂತಳು. "ಬೇಡ ಅತ್ತಿಗೇ, ಗುಂಡಿಗೆ ನೋವಾಗುತ್ತೆ."

"ಬಾರೇ ಸುಮ್ನೆ" ಎಂದು ಕಾಜಕ್ಕ ಅವಳನ್ನು ಎಳೆದುಕೊಂಡಳು. "ಅದು ಕಾಜಾ ಇಲ್ಲದ ಗುಂಡಿ, ಅಷ್ಟು ಸುಲಭಕ್ಕೆ ಬಿಚ್ಕೊಳ್ಳಲ್ಲ."